ಹೊಟ್ಟೆಯೊಳಗೆ ಒಡೆಯುವುದು ಅಂದರೆ ಏನು?

ಆಸ್ಪತ್ರೆ ಚೀಟಿಯಲ್ಲಿ ‘ರಪ್ಚರ್’ ಅಂತ ಬರೆದಿರುತ್ತಾರೆ. ಹಾಗಂದರೆ ಒಡೆಯುವುದು, ಹರಿಯುವುದು. ಹೆರಿಗೆ ಹೊತ್ತಿನಲ್ಲಿ ‘ನೀರು ಒಡೆಯಿತು’ ಅನ್ನುತ್ತೇವಲ್ಲ, ಅದೂ ಒಡೆಯುವುದೇ. ಮಗುವಿನ ಸುತ್ತಲಿನ ನೀರಿನ ಚೀಲ ಹರಿಯುತ್ತದೆ. ದಿನ ತುಂಬಿದ ಮೇಲೆ ಅದು ಸಹಜ. ಆದರೆ ಒಳಗಿನ ಅಂಗ ಒಡೆದರೆ ಪ್ರಾಣಕ್ಕೇ ಅಪಾಯ.

ಅಪೆಂಡಿಕ್ಸ್ ಹೆಸರು ಕೇಳಿದ್ದೇವೆ. ಅದು ದೊಡ್ಡ ಕರುಳಿಗೆ ಅಂಟಿಕೊಂಡ, ಕಿರುಬೆರಳಿನಂಥ ಚೀಲ. ಅದರ ಬಾಯಿ ಕಟ್ಟಿಕೊಂಡರೆ ಊದಿ ಕೀವಾಗುತ್ತದೆ. ನೋವು ಮೊದಲು ಹೊಕ್ಕಳ ಸುತ್ತ ಬರುತ್ತದೆ. ಆಮೇಲೆ ಬಲಗಡೆ ಕೆಳಹೊಟ್ಟೆಗೆ ಇಳಿಯುತ್ತದೆ. ಎರಡು ಮೂರು ದಿನ ಸುಮ್ಮನೆ ಬಿಟ್ಟರೆ ಒಡೆಯಬಹುದು. ಒಡೆದ ಕೂಡಲೇ ಕೆಲವರಿಗೆ ನೋವು ಕಡಿಮೆ ಆಗುತ್ತೆ! ‘ವಾಸಿ ಆಯ್ತು’ ಅಂತ ಕೆಲಸಕ್ಕೆ ಹೋಗಿಬಿಡ್ತಾರೆ. ಅಷ್ಟರಲ್ಲಿ ಕೀವು ಒಳಗೆಲ್ಲಾ ಹರಡುತ್ತದೆ. ಜ್ವರ ಏರುತ್ತದೆ. ಹೊಟ್ಟೆ ಹಲಗೆಯಂತೆ ಗಟ್ಟಿಯಾಗುತ್ತದೆ. ಇಂಥ ನೋವಿಗೆ ಹರಳೆಣ್ಣೆ ಕುಡಿಸಬಾರದು, ಹೊಟ್ಟೆ ನೀವಬಾರದು.

ಇನ್ನೊಂದು ನಮಗೆ, ಹೆಂಗಸರಿಗೆ ಮಾತ್ರ ಬರುವಂಥದ್ದು. ಗರ್ಭಕೋಶದ ಎರಡೂ ಪಕ್ಕ ಒಂದೊಂದು ಸಣ್ಣ ನಾಳ ಇದೆ. ಕೆಲವು ಸಲ ಬಸಿರು ಗರ್ಭಕೋಶಕ್ಕೆ ಬಾರದೆ ನಾಳದಲ್ಲೇ ನಿಲ್ಲುತ್ತದೆ. ಅಲ್ಲಿ ಬೆಳೆಯಲು ಜಾಗ ಎಲ್ಲಿದೆ? ಒಂದೂವರೆ, ಎರಡು ತಿಂಗಳಿಗೆ ನಾಳ ಒಡೆಯಬಹುದು. ಹೊರಗೆ ಸ್ವಲ್ಪ ರಕ್ತ ಕಾಣುತ್ತದೆ, ಒಳಗೆ ಲೀಟರುಗಟ್ಟಲೆ ಹರಿಯುತ್ತದೆ. ಮುಟ್ಟು ನಿಂತಿದೆ, ಕೆಳಹೊಟ್ಟೆಯಲ್ಲಿ ಒಂದೇ ಪಕ್ಕ ನೋವು, ತಲೆ ಸುತ್ತು, ಭುಜದ ತುದಿಯಲ್ಲೂ ನೋವು ಅಂದರೆ ತಡ ಮಾಡಬೇಡಿ. ಮಕ್ಕಳಾಗದ ಆಪರೇಷನ್ ಆದವರಿಗೂ ಅಪರೂಪಕ್ಕೆ ಹೀಗಾಗುತ್ತದೆ. ‘ನನಗೆ ಆಪರೇಷನ್ ಆಗಿದೆಯಲ್ಲ’ ಅಂತ ಸುಮ್ಮನಿರಬೇಡಿ. ಕೊನೆಯ ಮುಟ್ಟಿನ ದಿನ ಯಾವುದು ಅಂತ ಡಾಕ್ಟರಿಗೆ ನಾಚಿಕೆ ಬಿಟ್ಟು ಹೇಳಬೇಕು.

ಹಿಂದಿನ ಹೆರಿಗೆ ಸಿಸೇರಿಯನ್ ಆಗಿದ್ದರೆ, ಮುಂದಿನ ಹೆರಿಗೆ ನೋವಿನಲ್ಲಿ ಆ ಹಳೇ ಹೊಲಿಗೆ ಬಿಡಬಹುದು. ಅಂಥವರ ಹೆರಿಗೆ ಮನೆಯಲ್ಲಿ ಬೇಡ. ತಾಯಿ ಕಾರ್ಡ್ ಕೈಯಲ್ಲಿರಲಿ.

108ಕ್ಕೆ ಫೋನ್ ಮಾಡಿ. ನಮ್ಮ ರಾಜ್ಯದಲ್ಲಿ 2008ರಿಂದ ಈ ಆಂಬುಲೆನ್ಸ್ ಇದೆ, ಹಣ ಕೊಡಬೇಕಿಲ್ಲ. ಯಲಹಂಕದಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಊರೊಳಗೆ ವಾಣಿವಿಲಾಸ ಆಸ್ಪತ್ರೆ 1935ರಿಂದ ಹೆಂಗಸರು ಮಕ್ಕಳಿಗೆ ಅಂತಲೇ ಇದೆ. ಆದರೆ ಹೆಬ್ಬಾಳದ ಸೇತುವೆ ಹತ್ತಿರ ಗಾಡಿ ನಿಂತರೆ ಎಷ್ಟು ಹೊತ್ತು ಅಂತ ನಮಗೆಲ್ಲಾ ಗೊತ್ತು. ಹತ್ತಿರದ ಆಸ್ಪತ್ರೆಗೇ ಮೊದಲು ಹೋಗುವುದು ಒಳ್ಳೆಯದು.

ಒಡೆದ ನಾಳಕ್ಕೆ ಆಪರೇಷನ್ನೇ ಮದ್ದು. 1883ರಲ್ಲಿ ಇಂಗ್ಲೆಂಡಿನ ಡಾಕ್ಟರ್ ಲಾಸನ್ ಟೇಟ್ ಇದನ್ನು ಮಾಡಿ ಹೆಂಗಸಿನ ಜೀವ ಉಳಿಸಿದರು. ನಾಳ ತೆಗೆದರೆ ಬಂಜೆ ಆಗ್ತಾಳೆ ಅಂತ ಹೆದರಿ, ಸಹಿ ಹಾಕದೆ ಹೊತ್ತು ಕಳೆಯುವ ಮನೆಯವರೂ ಇದ್ದಾರೆ. ಇನ್ನೊಂದು ನಾಳ ಚೆನ್ನಾಗಿದ್ದರೆ ಮತ್ತೆ ಬಸುರಿ ಆಗಬಹುದು. ಹದಿನೆಂಟು ತುಂಬಿದ ಹೆಂಗಸು ಎಚ್ಚರವಿದ್ದರೆ ತನ್ನ ಆಪರೇಷನ್ನಿಗೆ ತಾನೇ ಸಹಿ ಹಾಕಬಹುದು.