ದ್ವೀಪವಾಸಿಗಳ ಕಾಡು, ಕಡಲು: ಸಲಹೆಗಾರನಿಗೆ ಅಲ್ಲಿ ಏನು ಕೆಲಸ?

ಭೂಪಟದಲ್ಲಿ ಆಸ್ಟ್ರೇಲಿಯದ ಪೂರ್ವಕ್ಕೂ ಈಶಾನ್ಯಕ್ಕೂ ಹರಡಿರುವ ಶಾಂತಸಾಗರದ ಭಾಗವನ್ನು ನೋಡಿದರೆ, ಲೇಖನಿಯ ಮಸಿಯನ್ನು ಕೊಡವಿದಂತೆ ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತವೆ. ಫಿಜಿ, ವನುವಾಟು, ಸಾಲೊಮನ್ ದ್ವೀಪಗಳು ಎಂಬ ಸ್ವತಂತ್ರ ದೇಶಗಳು ಈ ಚುಕ್ಕೆಗಳಲ್ಲಿ ಅಡಗಿವೆ. ಇಲ್ಲಿಯ ಅನೇಕ ದ್ವೀಪಗಳು ಜ್ವಾಲಾಮುಖಿಗಳಿಂದ ಹುಟ್ಟಿದವು. ನಡುವೆ ಕಡಿದಾದ ಬೆಟ್ಟ, ಬೆಟ್ಟದ ಮೈಮೇಲೆ ದಟ್ಟವಾದ ಕಾಡು, ತಪ್ಪಲಿನಲ್ಲಿ ಹಳ್ಳಿ, ಹಳ್ಳಿಯ ಮುಂದೆ ಹವಳದ ದಿಬ್ಬ. ಸಾಲೊಮನ್ ದ್ವೀಪಗಳಲ್ಲೊಂದಾದ ಕೊಲೊಂಬಂಗಾರವನ್ನೇ ನೋಡಿ. ಅದು ಹೆಚ್ಚುಕಡಿಮೆ ದುಂಡಗಿದೆ. ಅದರ ಶಿಖರ ಸುಮಾರು 1,770 ಮೀಟರು ಎತ್ತರ. ಆದರೆ ಆ ಶಿಖರದಿಂದ ಕಡಲಿಗೆ ಇರುವ ದೂರ ಸುಮಾರು 15 ಕಿಲೋಮೀಟರು ಮಾತ್ರ. ಬೆಟ್ಟದ ಮೇಲೆ ಬಿದ್ದ ಮಳೆಯ ನೀರು ಕೆಲವೇ ಗಂಟೆಗಳಲ್ಲಿ ಹವಳವನ್ನು ಮುಟ್ಟುತ್ತದೆ. ಇಂಥ ನೆಲದಲ್ಲಿ ಕಾಡಿನ ಸಂರಕ್ಷಣೆ ಬೇರೆ, ಕಡಲಿನ ಸಂರಕ್ಷಣೆ ಬೇರೆ ಎಂದು ವಿಂಗಡಿಸುವುದು ಸಾಧ್ಯವಿಲ್ಲ.

ಈಚಿನ ದಶಕಗಳಲ್ಲಿ ಸರ್ಕಾರಗಳೂ ಸಂರಕ್ಷಣಾ ಸಂಸ್ಥೆಗಳೂ ಇಂಥ ದ್ವೀಪಗಳಿಗೆ ಸಲಹೆಗಾರರನ್ನು ಕರೆಯುತ್ತಿವೆ. ಅರಣ್ಯಶಾಸ್ತ್ರಜ್ಞರು, ಸಮುದ್ರಜೀವಿಗಳನ್ನು ಅಭ್ಯಾಸ ಮಾಡಿದವರು, ನಕ್ಷೆ ಬರೆಯಬಲ್ಲವರು, ಲೆಕ್ಕಪತ್ರ ಬಲ್ಲವರು, ಹೀಗೆ ಹಲವು ಬಗೆಯವರಿಗೆ ಅಲ್ಲಿ ಕೆಲವು ತಿಂಗಳ ಅಥವಾ ಕೆಲವು ವರ್ಷಗಳ ಕೆಲಸ ಉಂಟು. ವಾಚಕರಲ್ಲಿಯೂ ಕೆಲವರು ಮುಂದೆ ಅಂಥ ಉದ್ಯೋಗವನ್ನು ಅಪೇಕ್ಷಿಸಬಹುದು. ಆದರೆ ತಲೆಮಾರುಗಳಿಂದ ಆ ಕಾಡನ್ನೂ ಕಡಲನ್ನೂ ಬಲ್ಲ ಜನರಿಗೆ ಹೊರಗಿನಿಂದ ಬಂದವನು ಹೇಳಿಕೊಡಬಹುದಾದುದು ಏನು? ಈ ಪ್ರಶ್ನೆಗೆ ಉತ್ತರವನ್ನು ಹುಡುಕೋಣ.

ಕಾಡಿನ ಮಣ್ಣು, ಕಡಲಿನ ಬೆಳಕು

ಕಾಡಿನ ನೆಲವನ್ನು ಕಾಪಾಡುವುದು ಎತ್ತರದ ಮರಗಳ ಎಲೆಗಳು ಮಾತ್ರವೇ ಅಲ್ಲ. ಎಲೆಯ ತುದಿಯಿಂದ ಉದುರುವ ದಪ್ಪ ಹನಿಗೂ ಮಣ್ಣನ್ನು ಕೆದಕುವ ಶಕ್ತಿ ಇದೆ. ಆ ಹೊಡೆತವನ್ನು ತಾಳಿಕೊಳ್ಳುವುದು ನೆಲದ ಮೇಲಿನ ತರಗೆಲೆಯ ಹಾಸು, ಕೆಳಗಿನ ಪೊದೆಗಳು, ಮಣ್ಣನ್ನು ಹಿಡಿದಿಟ್ಟಿರುವ ಬೇರುಗಳ ಜಾಲ. ಮರ ಕಡಿಯುವ ಕಂಪೆನಿಯವರು ಬೆಟ್ಟದ ಇಳಿಜಾರಿನಲ್ಲಿ ಯಂತ್ರಗಳಿಂದ ದಾರಿ ಕೊರೆದು, ದಿಮ್ಮಿಗಳನ್ನು ಎಳೆದು ತಂದಾಗ ಈ ಮೂರೂ ಹರಿದುಹೋಗುತ್ತವೆ. ಹೊಳೆಗೆ ಸೇರುವ ಕೆಸರಿನ ಬಹುಭಾಗ ಕಡಿದ ಮರದ ಬುಡದಿಂದಲ್ಲ, ಇಂಥ ದಾರಿಗಳಿಂದ ಬರುತ್ತದೆ.

ಆಷಾಢದಲ್ಲಿ ನಮ್ಮ ಪಶ್ಚಿಮ ಘಟ್ಟದ ಹೊಳೆಗಳು ಕೆಂಪಾಗಿ ಹರಿಯುವುದನ್ನು ಕಂಡವರಿಗೆ ಮುಂದಿನ ಮಾತು ಸುಲಭವಾಗಿ ತಿಳಿಯುತ್ತದೆ. ನೀರಿನಲ್ಲಿ ಸಣ್ಣ ಕಣವೊಂದು ಇಳಿಯುವ ವೇಗವು ಅದರ ವ್ಯಾಸದ ವರ್ಗವನ್ನು ಅನುಸರಿಸುತ್ತದೆಂದು 1851ರಲ್ಲಿ ಸ್ಟೋಕ್ಸ್ ಎಂಬ ವಿಜ್ಞಾನಿ ತೋರಿಸಿಕೊಟ್ಟನು. ಅಂದರೆ ಕಣದ ವ್ಯಾಸ ಹತ್ತರಲ್ಲೊಂದಾದರೆ ವೇಗ ನೂರರಲ್ಲೊಂದಾಗುತ್ತದೆ. 0.1 ಮಿಲಿಮೀಟರು ವ್ಯಾಸದ ಮರಳಿನ ಕಣ ನಿಶ್ಚಲವಾದ ನೀರಿನಲ್ಲಿ 10 ಮೀಟರು ಇಳಿಯಲು ಸುಮಾರು 20 ನಿಮಿಷ ಸಾಕು. 0.01 ಮಿಲಿಮೀಟರಿನ ಹೂಳಿಗೆ ಒಂದು ದಿನಕ್ಕಿಂತ ಹೆಚ್ಚು ಬೇಕು. 0.002 ಮಿಲಿಮೀಟರಿನ ಜೇಡಿಯ ಕಣಕ್ಕೆ ಸುಮಾರು ಒಂದು ತಿಂಗಳೇ ಹಿಡಿಯುತ್ತದೆ. ಉಪ್ಪುನೀರಿನಲ್ಲಿ ಜೇಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡು ಬೇಗ ಇಳಿಯುವುದೂ ಉಂಟು. ಆದರೆ ಅದು ಸಮಾಧಾನದ ಸಂಗತಿಯಲ್ಲ, ಏಕೆಂದರೆ ಅವು ಆಗ ಅಳಿವೆಗೆ ಸಮೀಪದಲ್ಲಿರುವ ಹವಳದ ಮೇಲೆಯೇ ಬೀಳುತ್ತವೆ.

ತೇಲುತ್ತಿರುವ ಕಣಗಳು ಬೆಳಕನ್ನು ತಡೆಯುತ್ತವೆ. ಹವಳದ ಜೀವಿಯ ಮೈಯೊಳಗೆ ಸೂಕ್ಷ್ಮವಾದ ಪಾಚಿಗಳು ವಾಸಿಸುತ್ತವೆ. ಅವು ಬಿಸಿಲಿನಿಂದ ತಯಾರಿಸುವ ಆಹಾರವೇ ಹವಳದ ಮುಖ್ಯ ಜೀವನಾಧಾರ. ನಿರ್ಮಲವಾದ ನೀರಿನಲ್ಲಿ ಪ್ರತಿ ಮೀಟರಿಗೂ ಬೆಳಕಿನ ನೂರರಲ್ಲಿ 10 ಪಾಲು ಕಡಮೆಯಾಗುತ್ತದೆಂದು ಇಟ್ಟುಕೊಳ್ಳೋಣ. 10 ಮೀಟರು ಆಳದಲ್ಲಿ ನೂರರಲ್ಲಿ 35 ಪಾಲು ಉಳಿದಿರುತ್ತದೆ. ಕೆಸರು ಬೆರೆತು ಪ್ರತಿ ಮೀಟರಿಗೆ 40 ಪಾಲು ಕಡಮೆಯಾದರೆ ಅದೇ ಆಳದಲ್ಲಿ ನೂರರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಹವಳ ಹಸಿದು ಸಾಯುತ್ತದೆ; ಹವಳವನ್ನು ಆಶ್ರಯಿಸಿದ ಮೀನುಗಳು ಕಾಣೆಯಾಗುತ್ತವೆ; ಹಳ್ಳಿಯವರ ತಟ್ಟೆ ಬರಿದಾಗುತ್ತದೆ. ದಿಮ್ಮಿ ಮಾರಿದ ಹಣ ಒಮ್ಮೆ ಬರುತ್ತದೆ, ಮೀನಾದರೋ ದಿನವೂ ಬೇಕು.

ಒಡೆಯರು ಯಾರು?

ಈ ದ್ವೀಪಗಳಲ್ಲಿ ನೆಲದ ಬಹುಭಾಗ ಸರ್ಕಾರದ್ದಲ್ಲ, ಕುಲಗಳದ್ದು. ಸಾಲೊಮನ್ ದ್ವೀಪಗಳಲ್ಲಿ ನೂರರಲ್ಲಿ 80 ಪಾಲಿಗಿಂತ ಹೆಚ್ಚು ನೆಲ ವಂಶಪಾರಂಪರ್ಯವಾಗಿ ಕುಲಗಳ ಕೈಯಲ್ಲಿದೆ. ಫಿಜಿಯಲ್ಲಿ ಹಳ್ಳಿಯ ಮುಂದಿನ ಕಡಲಿನಲ್ಲಿ ಮೀನು ಹಿಡಿಯುವ ಹಕ್ಕು ಕೂಡ ಆಯಾ ಕುಲಕ್ಕೆ ಸೇರಿದ್ದು. ಆದುದರಿಂದ ಕಾಡನ್ನು ಉಳಿಸುವ ಅಥವಾ ಮಾರುವ ತೀರ್ಮಾನ ಕೊನೆಗೆ ಹಳ್ಳಿಯ ಸಭೆಯಲ್ಲಿಯೇ ಆಗತಕ್ಕದ್ದು. ಸಲಹೆಗಾರನು ಅಲ್ಲಿ ಅಧಿಕಾರಿಯಲ್ಲ, ಅತಿಥಿ.

ಸಂರಕ್ಷಣೆಯೂ ಅವರಿಗೆ ಹೊಸದಲ್ಲ. ಫಿಜಿಯಲ್ಲಿ ಮುಖ್ಯಸ್ಥನು ಮರಣ ಹೊಂದಿದಾಗ ಕಡಲಿನ ಒಂದು ಭಾಗದಲ್ಲಿ ನೂರು ರಾತ್ರಿಗಳ ಕಾಲ ಮೀನು ಹಿಡಿಯದಿರುವ ಪದ್ಧತಿ ಉಂಟು. ಇದಕ್ಕೆ ‘ತಂಬು’, ಅಂದರೆ ನಿಷೇಧ, ಎಂದು ಹೆಸರು. ಫಿಜಿಗೆ ಬಹುದೂರ ವಾಯವ್ಯದಲ್ಲಿರುವ ಪಲಾವ್ ದೇಶದಲ್ಲಿ 1970ರ ದಶಕದಲ್ಲಿ ಬೆಸ್ತರೊಡನೆ ವಾಸಮಾಡಿದ ರಾಬರ್ಟ್ ಜೊಹಾನಸ್ ಎಂಬ ಜೀವವಿಜ್ಞಾನಿ, ಚಂದ್ರನ ಕಲೆಗಳನ್ನು ಅನುಸರಿಸಿ ಮೊಟ್ಟೆಯಿಡುವ ಮೀನುಗಳ ವಿಷಯವಾಗಿ ಅವರಿಂದ ಕಲಿತದ್ದು, ಅಂದಿನ ವಿಜ್ಞಾನಗ್ರಂಥಗಳಲ್ಲಿ ದಾಖಲಾಗಿದ್ದುದಕ್ಕಿಂತ ಹೆಚ್ಚಾಗಿತ್ತು. 1981ರಲ್ಲಿ ಅವನು ಇದನ್ನು ಪುಸ್ತಕವಾಗಿ ಪ್ರಕಟಿಸಿದನು.

ಒಂದು ಹಳ್ಳಿಯ ಎಣಿಕೆ

ಹಾಗಾದರೆ ಹೊರಗಿನ ವಿಜ್ಞಾನ ಏನನ್ನು ಕೊಡಬಲ್ಲದು? ಫಿಜಿಯ ಮುಖ್ಯ ದ್ವೀಪವಾದ ವೀತಿ ಲೇವುವಿನ ಪೂರ್ವತೀರದಲ್ಲಿ ಉದುನಿವನುವ ಎಂಬ ಹಳ್ಳಿಯಿದೆ. ಅಲ್ಲಿಯ ಕೆಸರುಬಯಲಿನಲ್ಲಿ ‘ಕೈಕೋಸೊ’ ಎಂಬ ಕಪ್ಪೆಚಿಪ್ಪು ದೊರೆಯುತ್ತದೆ. ನಮ್ಮ ಕರಾವಳಿಯವರು ಮರುವಾಯಿ ಎನ್ನುವುದರ ದೂರದ ಬಂಧು ಅದು. 1990ರ ದಶಕದ ಹೊತ್ತಿಗೆ ಅದು ಕಡಮೆಯಾಗಿ, ಆರಿಸಿ ಮಾರುತ್ತಿದ್ದ ಹೆಂಗಸರು ಹಿಂದಿಗಿಂತ ಬಹಳ ಹೆಚ್ಚು ಹೊತ್ತು ಕೆಸರನ್ನು ತಡಕಬೇಕಾಯಿತು. ರಾಜಧಾನಿಯಾದ ಸುವದ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ, ಆ ಸೀಮೆಯ ಮುಖ್ಯಸ್ಥನ ಮಗನು ತನ್ನ ಅಧ್ಯಾಪಕರ ನೆರವನ್ನು ಕೇಳಿದನು.

ಅಧ್ಯಾಪಕರು ಬಂದರು, ಆದರೆ ತಾವೇ ಎಣಿಸಿ ವರದಿ ಬರೆದು ಹಿಂದಿರುಗಲಿಲ್ಲ. ಹಳ್ಳಿಯ ಗಂಡಸರಿಗೂ ಹೆಂಗಸರಿಗೂ ಹಗ್ಗ ಕಟ್ಟಿ ಗೆರೆ ಹಾಕಿ, ಗೆರೆಯ ಉದ್ದಕ್ಕೂ ಗೊತ್ತುಮಾಡಿದ ಜಾಗಗಳಲ್ಲಿ ಚಿಪ್ಪುಗಳನ್ನು ಎಣಿಸಿ ಅಳೆಯುವ ಕ್ರಮವನ್ನು ಕಲಿಸಿಕೊಟ್ಟರು. 1997ರಲ್ಲಿ ಹಳ್ಳಿಯವರು ಸುಮಾರು 24 ಹೆಕ್ಟೇರು ಪ್ರದೇಶಕ್ಕೆ ಮೂರು ವರ್ಷಗಳ ತಂಬು ಹಾಕಿದರು. ನಿಷೇಧದ ಒಳಗೂ ಹೊರಗೂ ಒಂದೇ ಕ್ರಮದಲ್ಲಿ ಎಣಿಸಿದ್ದರಿಂದ ಹೋಲಿಕೆ ಸಾಧ್ಯವಾಯಿತು. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ನಾವು ಒಂದನ್ನು ಬದಲಿಸಿ ಉಳಿದುದನ್ನು ಹಾಗೆಯೇ ಇಡುತ್ತೇವಲ್ಲವೇ? ಇದೂ ಅದೇ ತತ್ತ್ವ. ಚಿಪ್ಪುಗಳು ತಂಬುವಿನ ಒಳಗೆ ಹೆಚ್ಚಿದವು, ಅದರ ಪಕ್ಕದ ನೀರಿನಲ್ಲಿಯೂ ಹೆಚ್ಚಿದವು. ಸಂಖ್ಯೆಗಳು ತಮ್ಮವೇ ಆದುದರಿಂದ ಹಳ್ಳಿಯವರು ಅವನ್ನು ನಂಬಿದರು, ತಂಬುವನ್ನು ಮುಂದುವರಿಸಿದರು. ನೆರೆಯ ಊರುಗಳೂ ಈ ಮಾರ್ಗವನ್ನು ಹಿಡಿದವು. ಇವರೆಲ್ಲರನ್ನೂ ಕೂಡಿಸಿದ ಫಿಜಿಯ ಜಾಲಕ್ಕೆ 2002ರಲ್ಲಿ ಈಕ್ವೇಟರ್ ಪ್ರಶಸ್ತಿ ದೊರಕಿತು.

ಎಲ್ಲ ಕಡೆಯೂ ಹೀಗೆಯೇ ಆಗುವುದೆಂದಲ್ಲ. ಫಿಜಿಯ ಕಿಯ ದ್ವೀಪದವರು 2008ರಲ್ಲಿ ಹಣ ಕೂಡಿಸುವುದಕ್ಕಾಗಿ ತಮ್ಮ ತಂಬುವನ್ನು ಕೆಲವು ವಾರ ತೆರೆದರು. ವರ್ಷಗಳ ಕಾಲ ಬೆಳೆದ ಮೀನಿನ ರಾಶಿ ಅಷ್ಟರಲ್ಲಿಯೇ ಬಹಳ ಇಳಿದುಹೋಯಿತು. ಎಷ್ಟು ದಿನ ತೆರೆಯಬಹುದು, ಎಷ್ಟು ಹಿಡಿಯಬಹುದು ಎಂಬ ಲೆಕ್ಕವನ್ನು ಮೊದಲೇ ಮಾಡಿಕೊಳ್ಳುವುದು ಎಷ್ಟು ಅಗತ್ಯವೆಂಬುದು ಇದರಿಂದ ತಿಳಿಯುತ್ತದೆ.

ಸಿದ್ಧತೆ ಹೇಗೆ?

ಸಲಹೆಗಾರನಾಗಬಯಸುವವನು ಮೊದಲು ಒಂದು ಶಾಸ್ತ್ರವನ್ನಾದರೂ ಆಳವಾಗಿ ಕಲಿತಿರಬೇಕು. ಸಂಖ್ಯಾಶಾಸ್ತ್ರ ಎಲ್ಲರಿಗೂ ಬೇಕು. ಉಪಕರಣಗಳು ದುಬಾರಿಯಾಗಿರಬೇಕಾಗಿಲ್ಲ. 1865ರಲ್ಲಿ ಇಟಲಿಯ ಸೆಕ್ಕಿ ಎಂಬ ಪಾದ್ರಿ ವಿಜ್ಞಾನಿ ಬಿಳಿಯ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಕಡಲಿಗೆ ಇಳಿಬಿಟ್ಟು, ಅದು ಕಣ್ಮರೆಯಾಗುವ ಆಳದಿಂದ ನೀರಿನ ನಿರ್ಮಲತೆಯನ್ನು ಅಳೆದನು. ಇಂದಿಗೂ ಆ ತಟ್ಟೆ ಬಳಕೆಯಲ್ಲಿದೆ. ಹಳ್ಳಿಯ ಶಾಲೆಯ ಮಕ್ಕಳೂ ಅದನ್ನು ಮಾಡಿಕೊಳ್ಳಬಹುದು. ಮಳೆಯ ಹಿಂದೆಯೂ ಮುಂದೆಯೂ, ದಾರಿ ಕೊರೆದ ಕಣಿವೆಯ ಮುಂದೆಯೂ ಕೊರೆಯದ ಕಣಿವೆಯ ಮುಂದೆಯೂ ಈ ಆಳವನ್ನು ಬರೆದಿಟ್ಟುಕೊಂಡರೆ, ಕಂಪೆನಿಯವರ ಮುಂದೆ ಹಳ್ಳಿಯವರು ಬರಿಯ ಮಾತಿಗೆ ಬದಲಾಗಿ ಅಂಕಿಗಳನ್ನು ಇಡಬಲ್ಲರು.

ಸ್ಥಳೀಯ ಭಾಷೆ, ಸಭೆಯ ಮರ್ಯಾದೆ, ಹಿರಿಯರ ಮಾತನ್ನು ಕೇಳುವ ತಾಳ್ಮೆ, ಇವೂ ವಿದ್ಯೆಯ ಭಾಗಗಳೇ. ಸಾಲೊಮನ್ ದ್ವೀಪಗಳ ತೆತೆಪಾರೆ ಎಂಬ, ಸುಮಾರು 120 ಚದರ ಕಿಲೋಮೀಟರು ವಿಸ್ತಾರದ ನಿರ್ಜನ ದ್ವೀಪವನ್ನು, ಹಿಂದೆ ಅಲ್ಲಿ ವಾಸವಾಗಿದ್ದವರ ವಂಶಸ್ಥರು 2002ರಲ್ಲಿ ಸಂಘ ಕಟ್ಟಿಕೊಂಡು ಮರ ಕಡಿಯುವವರಿಂದ ಉಳಿಸಿಕೊಂಡರು. ಆಮೆಗಳನ್ನೂ ಕಡಲಹುಲ್ಲನ್ನೂ ಗಮನಿಸುವ ಕಾವಲುಗಾರರು ಅವರ ಮಕ್ಕಳೇ.

ಸಲಹೆಗಾರನ ಅವಧಿ ಎಷ್ಟು ದೀರ್ಘವಾದರೂ ಒಂದು ದಿನ ಮುಗಿಯುತ್ತದೆ. ದೋಣಿ ಅವನನ್ನು ಕರೆದೊಯ್ಯುತ್ತದೆ. ಮುಂದಿನ ಮಳೆಗಾಲದಲ್ಲಿ ಹಳ್ಳಿಯವರು ತಾವಾಗಿಯೇ ಹಗ್ಗ ಹಿಡಿದು ಎಣಿಸಲು ಹೊರಟರೆ ಅವನ ಕೆಲಸ ಸಾರ್ಥಕವಾಯಿತೆಂದು ತಿಳಿಯಬಹುದು.