ಗುಲಾಬ್ ಮತ್ತೆ ಬರುವುದಿಲ್ಲ

2021ರ ಸೆಪ್ಟೆಂಬರ್ ಕೊನೆಯ ವಾರ. ನಾನಾಗ ಎಂಟನೇ ತರಗತಿಯಲ್ಲಿದ್ದೆ. ಟಿವಿಯಲ್ಲಿ ‘ಗುಲಾಬ್ ಚಂಡಮಾರುತ’ ಎಂದು ಹೇಳುತ್ತಿದ್ದರು. “ಗುಲಾಬ್ ಅಂದ್ರೆ ಹೂವಲ್ವಾ? ತುಫಾನಿಗೆ ಈ ಹೆಸರು ಯಾರು ಇಟ್ರು?” ಎಂದು ನಮ್ಮ ದಾದಿ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಚಾಚಾ ಅವರಿಗೆ ಕೊಯ್ದಿಟ್ಟ ಸೋಯಾ ನೆನೆಯುವ ಚಿಂತೆ. ದಾದಿಯ ಪ್ರಶ್ನೆಗೆ ಉತ್ತರ ಹುಡುಕಿ ಈಗ ಬರೆಯುತ್ತಿದ್ದೇನೆ.

ಬಂಗಾಳ ಕೊಲ್ಲಿ ಮತ್ತು ಅರಬ್ಬಿ ಸಮುದ್ರದ ಚಂಡಮಾರುತಗಳಿಗೆ ಹೆಸರಿಡುವ ಪದ್ಧತಿ 2004ರಲ್ಲಿ ಶುರುವಾಯಿತು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ ಸೇರಿ ಎಂಟು ದೇಶಗಳು ತಲಾ ಎಂಟು ಹೆಸರು ಕೊಟ್ಟವು. ಆ 64 ಹೆಸರುಗಳಲ್ಲಿ ಮೊದಲನೆಯದು ‘ಒನಿಲ್’, ಕೊನೆಯದು 2020ರ ‘ಅಂಫಾನ್’. ಅದೇ ವರ್ಷ ಹೊಸ ಪಟ್ಟಿ ಬಂತು. ಈಗ 13 ದೇಶ, ತಲಾ 13 ಹೆಸರು, ಒಟ್ಟು 169. ಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಭಾರತೀಯ ಹವಾಮಾನ ಇಲಾಖೆ ಸರದಿಯಲ್ಲಿರುವ ಹೆಸರನ್ನು ಘೋಷಿಸುತ್ತದೆ. ‘ಗುಲಾಬ್’ ಪಾಕಿಸ್ತಾನ ಕೊಟ್ಟ ಹೆಸರು. ಹಿಂದಿನ ನರ್ಗಿಸ್, ಲೈಲಾ, ನಿಲೋಫರ್, ತಿತ್ಲಿ, ಬುಲ್‌ಬುಲ್ ಕೂಡ ಅವರದೇ. ನಮ್ಮಂಥ ಉರ್ದು ಮನೆಗಳಲ್ಲಿ ಈ ಹೆಸರುಗಳು ಪರಿಚಿತವೆನಿಸುವುದು ಇದಕ್ಕೇ.

ಒಮ್ಮೆ ಬಳಸಿದ ಹೆಸರು ಏನಾಗುತ್ತದೆ? ನಮ್ಮ ಕಾಲೇಜಿನ ಉದಾಹರಣೆ ನೋಡಿ. ರೋಲ್ ನಂಬರ್ ಮುಂದಿನ ವರ್ಷ ಬೇರೆಯವರಿಗೆ ಹೋಗುತ್ತದೆ. ಪ್ರವೇಶ ರಿಜಿಸ್ಟರಿನ ನಂಬರ್ ಮಾತ್ರ ಯಾರಿಗೂ ಮತ್ತೆ ಸಿಗದು.

ಅಟ್ಲಾಂಟಿಕ್ ಸಾಗರದ ಹರಿಕೇನ್‌ಗಳದು ರೋಲ್ ನಂಬರ್ ಪದ್ಧತಿ. ಅಲ್ಲಿ ಆರು ಪಟ್ಟಿಗಳಿವೆ. ಒಂದೊಂದರಲ್ಲಿ 21 ಹೆಸರು. ಆರು ವರ್ಷಕ್ಕೊಮ್ಮೆ ಅದೇ ಪಟ್ಟಿ ಮರಳುತ್ತದೆ. ಆದರೆ ಬಹಳ ಸಾವುನೋವು ತಂದ ಹರಿಕೇನ್‌ನ ಹೆಸರನ್ನು ವಿಶ್ವ ಹವಾಮಾನ ಸಂಸ್ಥೆಯ ಸಮಿತಿ ನಿವೃತ್ತಿಗೊಳಿಸುತ್ತದೆ. 2005ರ ‘ಕತ್ರಿನಾ’ ಹೀಗೆ ಹೋಯಿತು, ಅದರ ಜಾಗಕ್ಕೆ ‘ಕಟಿಯಾ’ ಬಂತು. ಮನೆಯವರನ್ನು ಕಳೆದುಕೊಂಡವರು ಅದೇ ಹೆಸರನ್ನು ಸುದ್ದಿಯಲ್ಲಿ ಮತ್ತೆ ಕೇಳಬಾರದಲ್ಲವೇ?

ನಮ್ಮ ಸಮುದ್ರಗಳದು ರಿಜಿಸ್ಟರ್ ಪದ್ಧತಿ. ದೊಡ್ಡದಿರಲಿ, ಚಿಕ್ಕದಿರಲಿ, ಪ್ರತಿ ಹೆಸರೂ ಒಂದೇ ಸಲ. 2008ರಲ್ಲಿ ಮ್ಯಾನ್ಮಾರ್‌ನಲ್ಲಿ ನರ್ಗಿಸ್‌ನಿಂದ ಸತ್ತವರು, ಕಾಣೆಯಾದವರು ಸೇರಿ 1,30,000ಕ್ಕೂ ಹೆಚ್ಚು. ಅದರ ಹೆಸರೂ ಒಂದೇ ಸಲ, ಹೆಚ್ಚು ಹಾನಿ ಮಾಡದೆ ಹೋದದ್ದರ ಹೆಸರೂ ಒಂದೇ ಸಲ. ಯಾರ ದುಃಖ ದೊಡ್ಡದು ಎಂದು ಇಲ್ಲಿ ಯಾರೂ ತೂಕ ಮಾಡಬೇಕಿಲ್ಲ. ಇದು ನನಗೆ ಹಿಡಿಸಿತು.

ಗುಲಾಬ್ 2021ರ ಸೆಪ್ಟೆಂಬರ್ 26ರಂದು ಆಂಧ್ರದ ಕಳಿಂಗಪಟ್ಟಣದ ಬಳಿ ದಡಕ್ಕೆ ಬಂತು. ದುರ್ಬಲವಾಗುತ್ತ ತೆಲಂಗಾಣ, ಮರಾಠವಾಡ ದಾಟಿ ಮಳೆ ಸುರಿಸಿತು. ಅರಬ್ಬಿ ಸಮುದ್ರ ಸೇರಿ ಮತ್ತೆ ಚಂಡಮಾರುತವಾದಾಗ ಹಳೆಯ ಹೆಸರು ಉಳಿಯಲಿಲ್ಲ. ಪಟ್ಟಿಯ ಮುಂದಿನ ಹೆಸರು, ಕತಾರ್ ಕೊಟ್ಟ ‘ಶಾಹೀನ್’, ಅದಕ್ಕೆ ಬಂತು. ಆ ಹೆಸರಿನಲ್ಲೇ ಅದು ಒಮಾನ್‌ಗೆ ಅಪ್ಪಳಿಸಿತು.

ವಾಣಿಜ್ಯ ವಿದ್ಯಾರ್ಥಿಯಾಗಿ ಲೆಕ್ಕವನ್ನೂ ಹಾಕಿದೆ. 2020ರ ಜೂನ್‌ನ ‘ನಿಸರ್ಗ’ದಿಂದ 2025ರ ನವೆಂಬರ್‌ನ ‘ದಿತ್ವಾ’ವರೆಗೆ 26 ಹೆಸರು ಖರ್ಚಾಗಿವೆ, 143 ಬಾಕಿ. ಇದೇ ವೇಗದಲ್ಲಿ ಹೋದರೆ ಸುಮಾರು 30 ವರ್ಷಕ್ಕೆ ಸಾಕು.

ಮುಂದಿನ ಸರದಿ ಬಾಂಗ್ಲಾದೇಶದ ‘ಅರ್ನಬ್’, ನಂತರ ನಮ್ಮ ದೇಶದ ‘ಮುರಸು’. ಚಿಟಗುಪ್ಪದಿಂದ ಸಮುದ್ರ ದೂರ ನಿಜ, ಆದರೆ ಗುಲಾಬ್‌ನಂತೆ ಮಳೆ ಇಲ್ಲಿಯವರೆಗೂ ಬರಬಹುದು. ಸುದ್ದಿಯಲ್ಲಿ ಹೊಸ ಹೆಸರು ಕೇಳಿದರೆ ನಗಬೇಡಿ, ಅದು ಬರುವ ದಾರಿ ನೋಡಿ. ಹೊಲದಲ್ಲಿ ರಾಶಿ ಇದ್ದರೆ ತಾಡಪತ್ರಿ ಹಾಕಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ