ಮಗುವಿನ ಮನಸ್ಸಿಗೆ ಮನೆಯೇ ಮೊದಲ ಆಸರೆ

ದೊಡ್ಡಗಾಜನೂರು ಎಂದ ಕೂಡಲೇ ಕನ್ನಡಿಗರಿಗೆ ನೆನಪಾಗುವುದು ವರನಟ ಡಾ. ರಾಜ್‌ಕುಮಾರ್. ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯ ಈ ಊರು ತಮಿಳುನಾಡಿಗೆ ಸೇರಿದ್ದರೂ ಇಲ್ಲಿಯ ಮನೆಮಾತು ಕನ್ನಡ. 2000ನೇ ಇಸವಿಯ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ಅಪಹರಿಸಿದ್ದು ಈ ಊರಿನಿಂದಲೇ. ನವೆಂಬರ್ 15ರಂದು ಬಿಡುಗಡೆಯಾಗುವ ತನಕ 108 ದಿನ ನಾಡು ಉಸಿರು ಬಿಗಿಹಿಡಿದು ಕಾದಿತು. ಬೆಂಗಳೂರಿನಲ್ಲಿ ಶಾಲೆಗಳು ಮುಚ್ಚಿದವು. ಮನೆಮನೆಯಲ್ಲೂ ದೊಡ್ಡವರ ಬಾಯಲ್ಲಿ ಅದೇ ಮಾತು. ಮೂಲೆಯಲ್ಲಿ ಕುಳಿತ ಮಕ್ಕಳೂ ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಅವರ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಎಂದು ವಿಚಾರಿಸಿದವರು ಎಷ್ಟು ಮಂದಿ?

2004ರಲ್ಲಿ ವೀರಪ್ಪನ್ ಸತ್ತ. ಬಂದೂಕಿನ ಭಯ ಹೋಯಿತು. ಆದರೆ ಈ ಸೀಮೆಯ ಮನೆಗಳಲ್ಲಿ ರಾತ್ರಿಯ ಭಯ ಮುಗಿದಿಲ್ಲ. ಹೊಲದ ಅಂಚಿನಲ್ಲೇ ಸತ್ಯಮಂಗಲದ ಕಾಡು. ಬೆಳೆ ಕೈಗೆ ಬರುವ ಹೊತ್ತಿಗೆ ಆನೆ ಬರುತ್ತದೆ. ಕರುಪ್ಪನ್ ಎಂದು ಹೆಸರಾಗಿದ್ದ ಒಂಟಿ ಸಲಗವನ್ನು 2023ರ ಏಪ್ರಿಲ್‌ನಲ್ಲಿ ಹಿಡಿದು ಸಾಗಿಸಿದ ಮೇಲೂ ರೈತರ ಕಾವಲು ತಪ್ಪಲಿಲ್ಲ. ಅಪ್ಪ ಹೊಲದಲ್ಲಿ, ಅಮ್ಮ ನಿದ್ದೆಯಿಲ್ಲದೆ ಬಾಗಿಲ ಬಳಿ. ಬೆಳಿಗ್ಗೆ ಅದೇ ಮನೆಯ ಮಗು ತೂಕಡಿಸುತ್ತಾ ಶಾಲೆಗೆ ಹೋಗುತ್ತದೆ. ಪಾಠ ತಲೆಗೆ ಹತ್ತುವುದಿಲ್ಲ. ನಾವು ಅದನ್ನು 'ಸೋಮಾರಿ' ಎನ್ನುತ್ತೇವೆ.

ಮಗುವಿನ ಮನಸ್ಸು ಮನೆಯ ಮನಸ್ಸಿನಿಂದ ಬೇರೆಯಲ್ಲ. ಸಾಲ, ಕುಡಿತ, ಜಗಳ, ಕಾಯಿಲೆ ಯಾವುದನ್ನೂ ನಾವು ಮಕ್ಕಳಿಂದ ಮುಚ್ಚಿಡಲಾರೆವು. ಹೇಳದಿದ್ದರೂ ಅವರು ನಮ್ಮ ಮುಖದಲ್ಲಿ ಓದಿಕೊಳ್ಳುತ್ತಾರೆ. ಅರ್ಧ ತಿಳಿದ ಸಂಗತಿ ಪೂರ್ತಿ ತಿಳಿದದ್ದಕ್ಕಿಂತ ಹೆಚ್ಚು ಹೆದರಿಸುತ್ತದೆ. ಚಿಕ್ಕ ಮಕ್ಕಳಂತೂ ತಮ್ಮಿಂದಲೇ ಇದೆಲ್ಲ ಆಯಿತೆಂದು ಭಾವಿಸುವುದುಂಟು.

ಲಕ್ಷಣಗಳು ಹೇಗಿರುತ್ತವೆ?

ದೊಡ್ಡವರಂತೆ 'ನನಗೆ ಬೇಸರವಾಗಿದೆ' ಎಂದು ಮಗು ಹೇಳುವುದಿಲ್ಲ. ಅದರ ಬದಲು ಹೊಟ್ಟೆನೋವು ಎನ್ನುತ್ತದೆ, ತಲೆನೋವು ಎನ್ನುತ್ತದೆ. ಶಾಲೆಗೆ ಹೊರಡುವ ಹೊತ್ತಿಗೆ ಅಳುತ್ತದೆ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆಯಾಗುವುದು ಮತ್ತೆ ಶುರುವಾಗಬಹುದು. ಹದಿಹರೆಯದವರಲ್ಲಿ ಇದು ಸಿಟ್ಟಾಗಿ, ಮೌನವಾಗಿ, ಗೆಳೆಯರಿಂದ ದೂರವಾಗುವುದಾಗಿ ಕಾಣುತ್ತದೆ. ಎರಡು ದಿನದ ಮುನಿಸು ಎಲ್ಲ ಮಕ್ಕಳಿಗೂ ಇದ್ದದ್ದೇ. ಎರಡು ವಾರ ಕಳೆದರೂ ಊಟ, ನಿದ್ದೆ, ಆಟ, ಪಾಠ ಸರಿಹೋಗದಿದ್ದರೆ ಸಹಾಯ ಕೇಳಬೇಕು.

ಇದು ಎಲ್ಲೋ ಒಂದು ಮನೆಯ ಕಥೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದ ಮಕ್ಕಳಲ್ಲಿ ಶೇಕಡಾ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಇತ್ತು. ನಲವತ್ತು ಮಕ್ಕಳ ತರಗತಿಯಲ್ಲಿ ಸುಮಾರು ಮೂವರು ಎಂದಾಯಿತು. ಆ ಮೂವರಲ್ಲಿ ಒಬ್ಬರು ನಮ್ಮ ಮನೆಯವರೂ ಆಗಿರಬಹುದು.

ಕುಟುಂಬವೂ ಔಷಧಿಯೇ

ಮನೋರೋಗಿಯನ್ನು ಮನೆಯಿಂದ ದೂರ ಗೋಡೆಯೊಳಗೆ ಇಡುವುದೇ ಚಿಕಿತ್ಸೆ ಎಂದು ತಿಳಿದಿದ್ದ ಕಾಲವೊಂದಿತ್ತು. 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡರು. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರದಲ್ಲೂ ಮನೆಯವರು ಜೊತೆಗಿರುವ ಪದ್ಧತಿ ಬೆಳೆಯಿತು. ಮುಂದೆ ನಿಮ್ಹಾನ್ಸ್‌ನಲ್ಲೂ ಕುಟುಂಬಗಳಿಗೆಂದೇ ವಿಭಾಗ ಬಂದಿತು. ಮನೆಯವರಿಗೆ ಕಾಯಿಲೆ ಅರ್ಥವಾದರೆ ಅವರು ಬೈಯುವುದನ್ನು ಬಿಟ್ಟು ಜೊತೆಗೆ ನಿಲ್ಲುತ್ತಾರೆ.

ಆದ್ದರಿಂದ ಮಗುವನ್ನು ವೈದ್ಯರ ಮುಂದೆ ಕೂರಿಸಿ 'ಇವನನ್ನು ಸರಿಮಾಡಿ ಕೊಡಿ' ಎಂದರೆ ಸಾಲದು. ಅಪ್ಪನ ಕುಡಿತಕ್ಕೂ ಚಿಕಿತ್ಸೆ ಬೇಕಾಗಬಹುದು. ಹಗಲಿರುಳು ದುಡಿದು ಬಳಲಿದ ಅಮ್ಮನ ಕಣ್ಣೀರನ್ನೂ ಕೇಳುವವರು ಬೇಕು. ತಾಯಿ ಸುಧಾರಿಸಿಕೊಂಡರೆ ಮಗುವೂ ಅರ್ಧ ಸುಧಾರಿಸಿದಂತೆ.

ನಾವೇನು ಮಾಡಬಹುದು?

ದಿನಕ್ಕೆ ಹದಿನೈದು ನಿಮಿಷ ಮೊಬೈಲು, ಟಿ.ವಿ. ಎರಡನ್ನೂ ಪಕ್ಕಕ್ಕಿಟ್ಟು ಮಗುವಿನ ಮಾತು ಕೇಳಿ. ಬುದ್ಧಿಮಾತು ಆಮೇಲೆ. ಮನೆಯ ಕಷ್ಟವನ್ನು ವಯಸ್ಸಿಗೆ ತಕ್ಕಷ್ಟು ನಿಜವಾಗಿ ಹೇಳಿ. 'ಇದು ನಿನ್ನ ತಪ್ಪಲ್ಲ, ನಾವಿದ್ದೇವೆ' ಎಂದು ಸೇರಿಸಿ. ಪರೀಕ್ಷೆಯ ಫಲಿತಾಂಶ ಬಂದ ದಿನ ಪಕ್ಕದ ಮನೆಯ ಮಗುವಿನ ಅಂಕ ಎತ್ತಬೇಡಿ.

ಇನ್ನೊಂದು ಮಾತನ್ನು ಒಕ್ಕಲು ಮನೆತನದವರಿಗೆ ಒತ್ತಿ ಹೇಳಬೇಕು. ಬೆಳೆಗೆ ಹೊಡೆಯುವ ಔಷಧಿಯನ್ನು ಬೀಗ ಹಾಕಿದ ಕಡೆ ಇಡಿ. ದುಡುಕಿನ ಆ ಒಂದು ಗಳಿಗೆ ದಾಟಿದರೆ ಎಷ್ಟೋ ಜೀವಗಳು ಉಳಿಯುತ್ತವೆ. ಮಗು 'ನಾನು ಇರಬಾರದಿತ್ತು' ಎಂದರೆ ನಾಟಕವೆಂದು ತಳ್ಳಿಹಾಕಬೇಡಿ. 'ಸಾಯಬೇಕೆನಿಸುತ್ತಿದೆಯಾ?' ಎಂದು ಮೆಲ್ಲನೆ, ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬುದು ಸುಳ್ಳು. ಕೇಳಿದಾಗ ಎದೆಯ ಭಾರ ಇಳಿಯುತ್ತದೆ. ಆಮೇಲೆ ಮಗುವನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯಿರಿ.

ಸಹಾಯಕ್ಕೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯುವ ತನಕ ಕಾಯಬೇಕಿಲ್ಲ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ. ಕನ್ನಡದಲ್ಲೂ ತಮಿಳಿನಲ್ಲೂ ಮಾತನಾಡಬಹುದು. ಎರಡು ಭಾಷೆಗಳ ನಡುವೆ ಬೆಳೆಯುವ ಗಡಿನಾಡಿನ ಮಗುವಿಗೆ ತನ್ನ ಸಂಕಟವನ್ನು ತಾಯಿನುಡಿಯಲ್ಲಿ ಹೇಳಿಕೊಳ್ಳುವುದೇ ದೊಡ್ಡ ಸಮಾಧಾನ. ಮಗುವಿನ ಮೇಲೆ ದೌರ್ಜನ್ಯವಾಗಿದ್ದರೆ 1098ಕ್ಕೆ ಕರೆ ಮಾಡಿ. ಗಡಿಯಾಚೆ ಚಾಮರಾಜನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ.

'ಗಾಳಿ ಸೋಕಿದೆ, ಯಂತ್ರ ಕಟ್ಟಿಸೋಣ' ಎನ್ನುವವರು ನಮ್ಮ ನಡುವೆ ಇನ್ನೂ ಇದ್ದಾರೆ. 'ಪ್ರಾರ್ಥನೆ ಮಾಡಿದರೆ ಸಾಕು, ಮಾತ್ರೆ ಬೇಡ' ಎನ್ನುವವರೂ ಇದ್ದಾರೆ. ಪ್ರಾರ್ಥಿಸೋಣ, ವೈದ್ಯರಲ್ಲಿಗೂ ಹೋಗೋಣ. ಕಾಲು ಮುರಿದಾಗ ನಾವು ಮಾಡುವುದೂ ಇದನ್ನೇ ಅಲ್ಲವೇ?

ಹನ್ನೆರಡು ವರ್ಷದ ಬಾಲಯೇಸು ಮೂರು ದಿನ ಕಾಣದಿದ್ದಾಗ ಮರಿಯಮ್ಮನವರೂ ಜೋಸೆಫರೂ ಜೊತೆಯಾಗಿಯೇ ಹುಡುಕಿದರು. ಸಿಕ್ಕಾಗ ತಾಯಿ ತಮ್ಮ ಕಳವಳವನ್ನು ತೆರೆದು ಹೇಳಿದರು, ಏಕೆ ಹೀಗೆ ಮಾಡಿದೆ ಎಂದು ಕೇಳಿದರು. ಮಗ ಕೊಟ್ಟ ಉತ್ತರ ಅವರಿಗೆ ಅರ್ಥವಾಗಲಿಲ್ಲ. ಆದರೂ ಮೂವರೂ ಒಟ್ಟಿಗೆ ಮನೆಗೆ ಮರಳಿದರು. ನಮ್ಮ ಮಕ್ಕಳ ಮಾತೂ ಎಲ್ಲ ಸಲ ನಮಗೆ ಅರ್ಥವಾಗದಿರಬಹುದು. ಕೇಳುವುದನ್ನು ಮಾತ್ರ ನಿಲ್ಲಿಸಬಾರದು. ಈ ರಾತ್ರಿ ಊಟಕ್ಕೆ ಕುಳಿತಾಗ ಅಂಕದ ಸುದ್ದಿ ಬಿಟ್ಟು ಒಮ್ಮೆ ಕೇಳಿ ನೋಡಿ: 'ಮಗಾ, ಇವತ್ತು ನಿನ್ನ ಮನಸ್ಸು ಹೇಗಿದೆ?'